ಆಟದ ನಕಾಶೆಯಲ್ಲಿ ಒಂದು ಮನೆಗೆ ಎಷ್ಟು ಅಂತರ: ಅಡಿಯೋ, ಮೀಟರೋ, ಹೆಜ್ಜೆಯೋ?

ತೊಗರಿಕಣಜ, ಕಲಬುರಗಿ:

ಎಲ್ಲರಿಗೂ ಶರಣು. ದಸರಾ ರಜೆಯಿಂದ ನಮ್ಮ ಗುಂಪು ಹೊಸ ಕ್ಯಾಂಪೇನ್, ಅಂದರೆ ಹಲವು ಕೂಟಗಳಲ್ಲಿ ಮುಂದುವರಿಯುವ ಕಥೆಯಾಟ, ಆರಂಭಿಸಲಿದೆ. ನಿಯಮಗಳು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆಟದ ಐದನೇ ಆವೃತ್ತಿಯವು, ಆದರೆ ಲೋಕ ನಮ್ಮದೇ: ಬಹಮನಿ ಕಾಲದ ಕೋಟೆ, ಕಂದಕ, ಸುರಂಗ ಬಾವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ದಖ್ಖನ್ನಿನ ಒಂದು ಕಾಲ್ಪನಿಕ ಸೀಮೆ. ಆಟಗಾರರೆಲ್ಲ ಕನ್ನಡದಲ್ಲಿಯೇ ಆಡುವವರಾದ್ದರಿಂದ ಪಾತ್ರಗಳ ಹೆಸರು, ಊರು, ಸಂತೆ, ದೇವರು ಎಲ್ಲವೂ ಸಲೀಸಾಗಿ ಹೊಂದಿಕೊಂಡವು; ಇನ್ನೂ ಇತ್ಯರ್ಥವಾಗದೆ ಉಳಿದಿರುವುದು ಅಳತೆಯ ವಿಷಯ. ನಕಾಶೆಯ ಮೇಲಿನ ಒಂದು ಮನೆ, ಅಂದರೆ ಗೆರೆ ಹಾಕಿದ ಒಂದು ಚೌಕ, ಎಷ್ಟು ದೂರಕ್ಕೆ ಸಮ, ಅದನ್ನು ಅಡಿಯಲ್ಲಿ ಹೇಳಬೇಕೋ ಮೀಟರಿನಲ್ಲಿ ಹೇಳಬೇಕೋ, ಊರಿಂದೂರಿಗೆ ಹೋಗುವ ದೊಡ್ಡ ನಕಾಶೆಗೆ ಬೇರೆ ಅಳತೆ ಬೇಕೋ ಎಂಬುದನ್ನು ಆಟ ಶುರುವಾಗುವ ಮುನ್ನವೇ ತೀರ್ಮಾನಿಸಬೇಕೆಂದಿದ್ದೇನೆ, ಏಕೆಂದರೆ ಕಾಳಗದ ನಡುವೆ ಅಳತೆಯ ವಾದ ಹುಟ್ಟಿದರೆ ಕಥೆಯ ಬಿಗಿಯೇ ಸಡಿಲವಾಗುತ್ತದೆ.

ಈ ಗೊಂದಲ ಆಟದ ಹುಟ್ಟಿನಿಂದಲೇ ಬಂದದ್ದು ಎಂಬುದನ್ನು ಗಮನಿಸಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಅದರ ಬೇರು ಮೇಜಿನ ಮೇಲೆ ಸಣ್ಣ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಲ್ಲಿತ್ತು. ಹೀಗಾಗಿ ಪಾತ್ರದ ನಡಿಗೆಯನ್ನು ಇಂಚಿನಲ್ಲಿ ಬರೆಯುವ ರೂಢಿ ಮುಂದುವರಿಯಿತು. 1978ರ ಆಟಗಾರರ ಕೈಪಿಡಿಯಲ್ಲಿ ಒಂದು ಇಂಚು ಎಂದರೆ ಕಟ್ಟಡದೊಳಗೆ 10 ಅಡಿ, ಬಯಲಿನಲ್ಲಿ 10 ಗಜ. ಬಾಣವಾಗಲಿ ಮಂತ್ರವಾಗಲಿ ತಲುಪುವ ದೂರ ಬಯಲಿಗೆ ಬಂದೊಡನೆ ಮೂರು ಪಟ್ಟಾಗುತ್ತಿತ್ತು, ಆದರೆ ಮಂತ್ರ ಆವರಿಸುವ ಜಾಗ ಮಾತ್ರ ಅಡಿಯ ಲೆಕ್ಕದಲ್ಲಿಯೇ ಉಳಿಯುತ್ತಿತ್ತು. 2000ದಲ್ಲಿ ಬಂದ ಮೂರನೇ ಆವೃತ್ತಿ 5 ಅಡಿಯ ಚೌಕವನ್ನು ಗಟ್ಟಿಮಾಡಿತು. 2008ರ ನಾಲ್ಕನೆಯದು ಅಡಿಯನ್ನು ಬದಿಗಿಟ್ಟು ಎಲ್ಲವನ್ನೂ ಚೌಕಗಳಲ್ಲಿಯೇ ಬರೆಯಿತು, 2014ರ ಐದನೆಯದು ಮತ್ತೆ ಅಡಿಗೆ ಮರಳಿತು. ಫ್ರೆಂಚ್, ಜರ್ಮನ್, ಇಟಾಲಿಯನ್ ಅನುವಾದಗಳಲ್ಲಿ 5 ಅಡಿಯನ್ನು 1.5 ಮೀಟರ್ ಎಂದೂ 30 ಅಡಿಯನ್ನು 9 ಮೀಟರ್ ಎಂದೂ ಅಚ್ಚು ಮಾಡುತ್ತಾರೆ. ಹಾಗಾದರೆ ಕನ್ನಡದಲ್ಲಿ ಆಡುವ ನಾವು ಯಾವುದನ್ನು ಹಿಡಿಯಬೇಕು? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಫರಸಿಕಲ್ಲು, ಶಹಾಬಾದ್:

ತೊಗರಿಕಣಜ ಅವರೇ, ಮೊದಲು ಮೇಜಿನ ಅಳತೆಯನ್ನು ಗೊತ್ತುಮಾಡಿಕೊಂಡು ಆಮೇಲೆ ಲೋಕದ ಅಳತೆಗೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಇಂಚಿಗೆ 5 ಅಡಿ ಎಂದರೆ ಅದು 60ರಲ್ಲಿ 1ರ ಪ್ರಮಾಣ. ಮಾರುಕಟ್ಟೆಯಲ್ಲಿ ಸಿಗುವ ಗೊಂಬೆಗಳು ಹೆಚ್ಚಾಗಿ 28 ಮಿ.ಮೀ. ಅಳತೆಯವು, 28ನ್ನು 60ರಿಂದ ಗುಣಿಸಿದರೆ 1,680 ಮಿ.ಮೀ., ಅಂದರೆ ಸುಮಾರು ಐದೂವರೆ ಅಡಿ ಎತ್ತರದ ಮನುಷ್ಯ. ಗೊಂಬೆ ಮತ್ತು ಚೌಕ ಒಂದಕ್ಕೊಂದು ಒಪ್ಪುವುದು ಈ ಕಾರಣದಿಂದಲೇ, ಆದ್ದರಿಂದ ಮನೆಯ ಅಗಲವನ್ನು ಇಂಚಿನಿಂದ ಕದಲಿಸದಿರುವುದು ಒಳ್ಳೆಯದು.

ಗೊಂಬೆ ಇಲ್ಲದವರಿಗೆ ನಾಣ್ಯಗಳೇ ಸಾಕು, ಆದರೆ ಆರಿಸಿಕೊಳ್ಳಬೇಕು. 2011ರ ಸರಣಿಯ ಎರಡು ರೂಪಾಯಿ ನಾಣ್ಯ ಮತ್ತು 2019ರ ಸರಣಿಯ ಐದು ರೂಪಾಯಿ ನಾಣ್ಯ ಎರಡೂ 25 ಮಿ.ಮೀ. ಅಗಲದವು, ಇಂಚಿನ ಮನೆಯಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಹತ್ತು ರೂಪಾಯಿಯದು 27 ಮಿ.ಮೀ. ಇರುವುದರಿಂದ ಅಕ್ಕಪಕ್ಕದ ಮನೆಗಳಲ್ಲಿ ಇಬ್ಬರು ನಿಂತಾಗ ಅಂಚಿಗೆ ಅಂಚು ತಾಗಿ ಸಾಲು ವಾಲುತ್ತದೆ. ಎರಡು ಮನೆ ಅಗಲ ಎರಡು ಮನೆ ಉದ್ದ ಬೇಕಾಗುವ ದೈತ್ಯ, ಕುದುರೆ ಮುಂತಾದವಕ್ಕೆ ಕೇರಂ ಸ್ಟ್ರೈಕರ್ ಸರಿಹೊಂದುತ್ತದೆ.

ಇನ್ನು ಹಾಳೆಯ ಬದಲಿಗೆ ನಮ್ಮ ಭಾಗದವರಿಗೆ ಕಾಲ ಕೆಳಗೇ ಒಂದು ಅನುಕೂಲವಿದೆ. ಎರಡು ಅಡಿ ಚೌಕದ ಶಹಾಬಾದ್ ಫರಸಿ ಹಾಸಿದ ನೆಲವಿದ್ದರೆ ಒಂದೊಂದು ಕಲ್ಲೂ 24 ಇಂಚು, ಅಂದರೆ 24 ಮನೆ, ಅಂದರೆ ಆಟದ ಲೋಕದ 120 ಅಡಿ. ಬೂದು ಬಣ್ಣದ ಕಲ್ಲಿನ ಮೇಲೆ ಸೀಮೆಸುಣ್ಣದ ಗೆರೆ ಎದ್ದು ಕಾಣುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಅಂಚಿನಲ್ಲಿ ಇಂಚಿಗೊಂದು ಗುರುತು ಹಾಕಿ, ದಾರಕ್ಕೆ ಸುಣ್ಣ ಸವರಿ, ಎರಡು ಕಡೆ ಬಿಗಿಹಿಡಿದು ಮಿಡಿದರೆ ನೇರವಾದ ಗೆರೆ ಮೂಡುತ್ತದೆ. ಗೌಂಡಿಗಳು ಮಾಡುವುದೂ ಇದನ್ನೇ. ಕಲ್ಲುಗಳ ನಡುವಿನ ಸಂದು ತಾನಾಗಿಯೇ ನಕಾಶೆಯ ಗಡಿಯಾಗುತ್ತದೆ. ಕೆಳಗೆ ಕೂರಲಾಗದವರಿದ್ದರೆ ಫ್ಲೆಕ್ಸ್ ಅಂಗಡಿಯಲ್ಲಿ ಇಂಚಿನ ಚೌಕಳಿಯನ್ನು ಮುದ್ರಿಸಿಕೊಳ್ಳಬಹುದು, ಅಲ್ಲಿ ಚದರ ಅಡಿಯ ಲೆಕ್ಕದಲ್ಲಿಯೇ ಹಣ ತೆಗೆದುಕೊಳ್ಳುತ್ತಾರೆ.

ಆಟ ನಡೆಸುವವರ ಸ್ವಂತ ಟಿಪ್ಪಣಿಗೆ ಶಾಲೆಯ ಗ್ರಾಫ್ ಹಾಳೆ ಉತ್ತಮ. ಒಂದು ಸೆಂಟಿಮೀಟರಿನ ದೊಡ್ಡ ಚೌಕವನ್ನು ಒಂದು ಮನೆ ಎಂದಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಸಾಕಷ್ಟು ದೊಡ್ಡ ವಾಡೆಯೇ ಹಿಡಿಸುತ್ತದೆ.

ಸುರಂಗಬಾವಿ, ಬೀದರ್:

ನಾನು ಗಣಿತ ಪಾಠ ಮಾಡುವವಳು, ವಾರಾಂತ್ಯಗಳಲ್ಲಿ ಆಟ ನಡೆಸುತ್ತೇನೆ. ಮನೆಯ ಅಗಲಕ್ಕಿಂತಲೂ ಹೆಚ್ಚು ಜಗಳ ತರುವುದು ಮೂಲೆಗೆ ಮೂಲೆ ನಡೆಯುವಾಗ ಲೆಕ್ಕ ಹೇಗೆ ಎಂಬುದು, ಆದ್ದರಿಂದ ಅದನ್ನು ವಿವರವಾಗಿ ಬರೆಯುತ್ತೇನೆ.

ಚೌಕದ ಮೂಲೆಯಿಂದ ಮೂಲೆಗೆ ಇರುವ ದೂರ ಬದಿಯ 1.414 ಪಟ್ಟು. ಐದನೇ ಆವೃತ್ತಿಯ ಸಾಮಾನ್ಯ ನಿಯಮದಲ್ಲಿ ಅಡ್ಡ ಹೆಜ್ಜೆಗೂ ನೇರ ಹೆಜ್ಜೆಗೂ ಒಂದೇ ಬೆಲೆ. 30 ಅಡಿ ನಡೆಯುವ ಪಾತ್ರ ಮೂಲೆಗುಂಟ ಹೊರಟರೆ ನಿಜವಾಗಿ 42 ಅಡಿಗೂ ಹೆಚ್ಚು ದೂರ ಸಾಗಿಬಿಡುತ್ತದೆ. ಬೆಂಕಿಯ ಉಂಡೆಯ ಮಂತ್ರಕ್ಕೆ 20 ಅಡಿ ತ್ರಿಜ್ಯವಿದೆ. ಅದರ ವೃತ್ತ ಆವರಿಸುವುದು ಸುಮಾರು 50 ಮನೆಗಳ ಜಾಗ, ಆದರೆ ಈ ನಿಯಮದಂತೆ ಎಣಿಸಿದರೆ ಎಂಟಕ್ಕೆಂಟು, 64 ಮನೆಗಳ ಚೌಕವೇ ಬೆಂದುಹೋಗುತ್ತದೆ. ಕೋಟೆಯ ಬುರುಜನ್ನು ಗೋಲವಾಗಿ ಬಿಡಿಸಿ, ಅದರ ಪಕ್ಕದಲ್ಲಿ ಬೆಂಕಿಯನ್ನು ಚೌಕವಾಗಿ ಬಿಡಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಇನ್ನೊಂದು ನಿಯಮ ಮೂರನೇ ಆವೃತ್ತಿಯಲ್ಲಿ ಕಡ್ಡಾಯವಾಗಿದ್ದದ್ದು, ಐದನೆಯದರಲ್ಲಿ ಐಚ್ಛಿಕವಾಗಿ ಉಳಿದಿರುವುದು: ಮೊದಲ ಅಡ್ಡ ಹೆಜ್ಜೆಗೆ 5 ಅಡಿ, ಎರಡನೆಯದಕ್ಕೆ 10, ಮೂರನೆಯದಕ್ಕೆ ಮತ್ತೆ 5. ಒಂದು, ಮೂರು, ನಾಲ್ಕು, ಆರು ಎಂದು ಬಾಯಲ್ಲಿ ಎಣಿಸುತ್ತ ನಡೆಸಿದರೆ ಚಿಕ್ಕ ಮಕ್ಕಳೂ ಬೇಗ ಕಲಿಯುತ್ತಾರೆ. ಆರು ಮನೆಯ ನಡಿಗೆಯಲ್ಲಿ ನಾಲ್ಕು ಅಡ್ಡ ಹೆಜ್ಜೆ ಸಿಗುತ್ತವೆ, ಅವುಗಳ ನಿಜವಾದ ದೂರ 5.66 ಮನೆ. ಬಾಣದ ದೂರ ನೋಡಬೇಕಾದಾಗ ಇನ್ನೂ ಸುಲಭದ ದಾರಿಯಿದೆ: ಉದ್ದವಾದ ಬದಿಯ ಮನೆಗಳಿಗೆ ಗಿಡ್ಡ ಬದಿಯ ಅರ್ಧವನ್ನು ಕೂಡಿಸಿ, ಉಳಿಯುವ ಅರ್ಧವನ್ನು ಬಿಟ್ಟುಬಿಡಿ. ಗುರಿ ಎಂಟು ಮನೆ ಮುಂದೆ, ಐದು ಮನೆ ಪಕ್ಕಕ್ಕಿದ್ದರೆ ಎಂಟಕ್ಕೆ ಎರಡು ಕೂಡಿಸಿ ಹತ್ತು. ಪೈಥಾಗೊರಸನ ಪ್ರಮೇಯದಂತೆ ಅದು 9.4.

ಚೌಕದ ಬದಲು ಹೆಕ್ಸ್, ಅಂದರೆ ಆರು ಬದಿಯ ಮನೆ, ಬಳಸಿದರೆ ಈ ತೊಂದರೆಯೇ ಇಲ್ಲ ಎಂದು ಹಲವರು ನಂಬಿದ್ದಾರೆ. ಆರು ನೆರೆಮನೆಗಳೂ ಸಮಾನ ದೂರದಲ್ಲಿವೆ ಎಂಬುದು ನಿಜ. ಆದರೆ ಬದಿಗಳ ಕಡೆಗೆ ಹೋಗದೆ ಮೂಲೆಯ ಕಡೆಗೆ ಹೋಗಬೇಕಾದಾಗ ಅಂಕುಡೊಂಕಾಗಿ ನಡೆಯಬೇಕಾಗುತ್ತದೆ, ಅಲ್ಲಿ ಎಣಿಕೆ ನಿಜವಾದ ದೂರಕ್ಕಿಂತ ಶೇಕಡಾ 15ರವರೆಗೆ ಹೆಚ್ಚಾಗುತ್ತದೆ. ಒಂದು ಬಿಟ್ಟು ಒಂದು ಅಡ್ಡ ಹೆಜ್ಜೆಗೆ ಎರಡು ಎಣಿಸುವ ಚೌಕದಲ್ಲಿ ಈ ಹೆಚ್ಚಳ ಶೇಕಡಾ 12ನ್ನು ದಾಟುವುದಿಲ್ಲ. ಅಂದರೆ ಸರಿಯಾಗಿ ಎಣಿಸಿದ ಚೌಕ ಹೆಕ್ಸ್‌ಗಿಂತ ಸ್ವಲ್ಪ ಪ್ರಾಮಾಣಿಕವಾದದ್ದೇ. ಜೊತೆಗೆ ನಮ್ಮ ಕೋಟೆ, ಮಸೀದಿ, ಮದರಸಾ, ಮನೆಗಳ ಗೋಡೆಗಳು ಲಂಬಕೋನದಲ್ಲಿ ಕೂಡುತ್ತವೆ. ಹೆಕ್ಸ್ ಹಾಕಿದರೆ ಪ್ರತಿ ಗೋಡೆಯ ಪಕ್ಕದಲ್ಲೂ ಅರ್ಧ ಮನೆಗಳು ಉಳಿದು, ಅಲ್ಲಿ ನಿಲ್ಲಬಹುದೇ ಎಂಬ ಹೊಸ ಪ್ರಶ್ನೆ ಹುಟ್ಟುತ್ತದೆ. ಕಟ್ಟಡದೊಳಗೆ ಚೌಕ, ಬಯಲಿನ ಪ್ರಯಾಣಕ್ಕೆ ಹೆಕ್ಸ್: ನನ್ನ ಮತ ಇದು.

ಹಗಲುವೇಷ, ಕಲಬುರಗಿ:

ಮೇಡಂ ಅವರ ಲೆಕ್ಕಕ್ಕೆ ಪೂರ್ಣ ಗೌರವವಿದೆ. ಆದರೂ ಒಂದು ಮಾತನ್ನು ಕೇಳಲೇಬೇಕು: ಗ್ರಿಡ್, ಅಂದರೆ ಮನೆಗಳ ಈ ಚೌಕಳಿ, ಬೇಕೇ ಬೇಕೇ? ಫೇಟ್ ಎಂಬ ಆಟದಲ್ಲಿ ಜಾಗವನ್ನು ಅಂಗಳ, ಪಡಸಾಲೆ, ಮಾಳಿಗೆ ಎಂಬಂತೆ ವಲಯಗಳಾಗಿ ಹಂಚುತ್ತಾರೆ, ಪಕ್ಕದ ವಲಯಕ್ಕೆ ಹೋಗುವುದಷ್ಟೇ ಲೆಕ್ಕ. ಥರ್ಟೀನ್ತ್ ಏಜ್ ಎಂಬುದರಲ್ಲಿ ಕೈಕೈ ಮಿಲಾಯಿಸಿದವರು, ಹತ್ತಿರದವರು, ದೂರದವರು ಎಂಬ ಭೇದ ಸಾಕಾಗುತ್ತದೆ. ಪಾತ್ರಧಾರಿ ಮನೆ ಎಣಿಸತೊಡಗಿದ ಕ್ಷಣದಿಂದ ಪಾತ್ರವನ್ನು ಬಿಟ್ಟು ಪಗಡೆಯ ಕಾಯಿ ನಡೆಸುವವನಾಗುತ್ತಾನೆ ಎಂಬುದು ನನ್ನ ಕಳವಳ. ಹೊಸಬರನ್ನು, ಅದರಲ್ಲಿಯೂ ಹಿರಿಯರನ್ನು ಆಟಕ್ಕೆ ಕರೆತರುವಾಗ ಅಳತೆಯ ಭಾರವನ್ನು ಅವರ ತಲೆಯ ಮೇಲೆ ಹೊರಿಸಬಾರದು.

ತೊಗರಿಕಣಜ, ಕಲಬುರಗಿ:

ಹಗಲುವೇಷ ಅವರೇ, ನಿಮ್ಮ ಕಳವಳ ನನಗೂ ಇದೆ. ಸಂತೆಯಲ್ಲಿ ಹುಟ್ಟಿದ ಸಣ್ಣ ಕೈಕಲಹಕ್ಕೆ, ಓಟಕ್ಕೆ, ದರ್ಬಾರಿನ ಮಾತುಕತೆಗೆ ನಾವು ಗ್ರಿಡ್ ಹಾಕುವುದಿಲ್ಲ. ಆದರೆ ಐದನೇ ಆವೃತ್ತಿಯ ಅರ್ಧಕ್ಕರ್ಧ ಸಾಮರ್ಥ್ಯಗಳು ದೂರದ ಮೇಲೆಯೇ ನಿಂತಿವೆ. ಉದ್ದ ಬಿಲ್ಲಿನ ಬಾಣ 150 ಅಡಿಯವರೆಗೆ ಸಲೀಸಾಗಿ ಹೋಗುತ್ತದೆ, 600 ಅಡಿಯವರೆಗೆ ಕಷ್ಟಪಟ್ಟು ಹೋಗುತ್ತದೆ; 25 ಅಡಿ ನಡೆಯುವ ಕುಳ್ಳನಿಗೂ 30 ಅಡಿ ನಡೆಯುವ ಮನುಷ್ಯನಿಗೂ ಇರುವ ಒಂದು ಮನೆಯ ಅಂತರ ಕೆಲವೊಮ್ಮೆ ಪ್ರಾಣದ ಪ್ರಶ್ನೆಯಾಗುತ್ತದೆ. ಬಿಲ್ಲುಗಾರ್ತಿಯ ಪಾತ್ರ ಕಟ್ಟಿದ ಆಟಗಾರ್ತಿ ಆ 150 ಅಡಿಯನ್ನು ನಂಬಿಯೇ ಆ ಪಾತ್ರವನ್ನು ಆರಿಸಿಕೊಂಡಿರುತ್ತಾಳೆ. ಹತ್ತಿರ, ದೂರ ಎಂದು ನಾನು ಬಾಯಲ್ಲಿ ಹೇಳಿ ಮುಗಿಸಿದರೆ ಅವಳ ಆಯ್ಕೆಗೆ ಅನ್ಯಾಯವಾಗುತ್ತದೆ. ವಲಯಗಳನ್ನು ಬಯಸುವವರು ವಲಯಗಳಿಗಾಗಿಯೇ ಹೆಣೆದ ನಿಯಮಗಳನ್ನು ಬಳಸುವುದು ಸೂಕ್ತ.

ಹಗಲುವೇಷ, ಕಲಬುರಗಿ:

ಬಿಲ್ಲುಗಾರ್ತಿಯ ಮಾತು ಸರಿಯಾಗಿದೆ, ಒಪ್ಪಿಕೊಂಡೆ. ಹಾಗಾದರೆ ನಕಾಶೆ ಹಾಸುವುದು ಯಾವಾಗ, ಹಾಸದಿರುವುದು ಯಾವಾಗ ಎಂಬುದನ್ನು ಮೊದಲ ದಿನವೇ ಆಟಗಾರರಿಗೆ ಹೇಳಿಬಿಡಿ.

ಗುಂಟೆಲೆಕ್ಕ, ಸೇಡಂ:

ನಾನು ಜಮೀನಿನ ಮೋಜಣಿಯ ಕೆಲಸದವನು, ದಿನವೂ ಅಳತೆಯೊಂದಿಗೇ ಬದುಕುವವನು. ಅಡಿಯೋ ಮೀಟರೋ ಎಂಬ ಮೂಲ ಪ್ರಶ್ನೆಗೆ ಬರುತ್ತೇನೆ.

ನಮ್ಮ ಜನ ಎರಡನ್ನೂ ಏಕಕಾಲಕ್ಕೆ ಬಳಸುತ್ತಾರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು ಮೆಟ್ರಿಕ್ ಪದ್ಧತಿ ನೆಲೆಗೊಂಡಿತು. ರಸ್ತೆಯ ದೂರ ಕಿಲೋಮೀಟರಿನಲ್ಲಿ, ಬಟ್ಟೆ ಮೀಟರಿನಲ್ಲಿ ಬಂದವು. ಆದರೂ ಮನುಷ್ಯನ ಎತ್ತರ ಅಡಿ ಇಂಚಿನಲ್ಲಿ, ನಿವೇಶನ ಅಡಿಯಲ್ಲಿ, ಹೂವು ಮೊಳದಲ್ಲಿ, ಹೊಲ ಎಕರೆ ಗುಂಟೆಯಲ್ಲಿಯೇ ಉಳಿದಿವೆ. ಹೀಗಾಗಿ ಕೋಣೆ, ಅಂಗಳ, ಗೋಡೆಯಷ್ಟು ದೂರವನ್ನು ಅಡಿಯಲ್ಲಿ ಹೇಳಿದರೆ ಕೇಳಿದವರ ಕಣ್ಣಿಗೆ ತಟ್ಟನೆ ಕಟ್ಟುತ್ತದೆ, ಊರುಗಳ ನಡುವಿನ ದೂರವನ್ನು ಮೈಲಿಯಲ್ಲಿ ಹೇಳಿದರೆ ಕಟ್ಟುವುದಿಲ್ಲ. ಮೂವತ್ತು ನಲವತ್ತರ ಸೈಟು ಎಂದರೆ ಯಾರಿಗೂ ವಿವರಣೆ ಬೇಡ. ಅದನ್ನು 5 ಅಡಿಯ ಮನೆಗಳಾಗಿ ಕತ್ತರಿಸಿದರೆ ಆರಕ್ಕೆ ಎಂಟು, 48 ಮನೆಗಳು. ನಿಮ್ಮ ಆಟಗಾರರಿಗೆ ಕಾಳಗದ ಜಾಗದ ಅಂದಾಜು ಕೊಡಬೇಕಾದರೆ ಎಷ್ಟು ಸೈಟಿನಷ್ಟು ಎಂದು ಹೇಳಿ, ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಮೆಟ್ರಿಕ್ ಬೇಕೆನ್ನುವವರು ಒಂದು ಮೀಟರಿನ ಚೌಕಕ್ಕೆ ಹೋಗಬಾರದು. ಈ ನಿಯಮಪುಸ್ತಕದ ದೂರಗಳೆಲ್ಲ ಬಹುಮಟ್ಟಿಗೆ ಐದರ ಅಪವರ್ತ್ಯಗಳು: 25, 30, 60, 120, 150. ಐದರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುತ್ತದೆ. ಒಂದು ಮೀಟರಿನ ಮನೆಯಾದರೆ 25 ಅಡಿ 7.6 ಮನೆಯಾಗುತ್ತದೆ, ಎರಡು ಮೀಟರಿನದಾದರೆ 30 ಅಡಿ 4.6 ಮನೆಯಾಗುತ್ತದೆ, ಪ್ರತಿ ಬಾರಿಯೂ ಹತ್ತಿರದ ಸಂಖ್ಯೆಗೆ ಇಳಿಸಬೇಕು ಅಥವಾ ಏರಿಸಬೇಕು, ಯಾರಿಗೋ ಲಾಭ, ಯಾರಿಗೋ ನಷ್ಟ. ಅಡಿಯನ್ನು 0.3ರಿಂದ ಗುಣಿಸಿ ಒಂದು ಮನೆಗೆ 1.5 ಮೀಟರ್ ಎಂದರೆ ಆ ತೊಡಕಿಲ್ಲ. ನಿಖರವಾಗಿ ನೋಡಿದರೆ 5 ಅಡಿ ಎಂದರೆ 1.524 ಮೀಟರ್, ಆದರೆ ಆ ವ್ಯತ್ಯಾಸ ನೂರಕ್ಕೆ ಎರಡರಷ್ಟೂ ಇಲ್ಲ. ಬೇರೆ ಆಟಗಳು ತಮ್ಮ ತಮ್ಮ ನಿಯಮಕ್ಕೆ ತಕ್ಕ ಮನೆಯನ್ನು ಆರಿಸಿಕೊಂಡಿವೆ. ಗರ್ಪ್ಸ್‌ನಲ್ಲಿ ಒಂದು ಹೆಕ್ಸ್ ಒಂದು ಗಜ, ಒಂದು ಸರದಿ ಒಂದು ಸೆಕೆಂಡು. ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟದಲ್ಲಿ ಹಡಗಿನ ನಕಾಶೆಯ ಚೌಕ 1.5 ಮೀಟರ್.

ಹಳೆಯ ಅಳತೆಗಳನ್ನು ತರುವ ಆಸೆಯಿದ್ದರೆ ಎಲ್ಲವನ್ನೂ ತರಬೇಡಿ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅದನ್ನು 5 ಅಡಿಯ ಮನೆಗಳಾಗಿ ಸಮನಾಗಿ ಹಂಚಲು ಬರುವುದಿಲ್ಲ. ಮಾರು ನಾಲ್ಕು ಮೊಳ, ಅಂದರೆ ಆರು ಅಡಿ. ಕೇಳಲು ಚೆಂದ, ಆದರೆ ಪುಸ್ತಕದ ಸಂಖ್ಯೆಗಳಿಗೆ ಹೊಂದುವುದಿಲ್ಲ. ಚೆನ್ನಾಗಿ ಹೊಂದುವುದು ಹೆಜ್ಜೆ. ದೊಡ್ಡವರ ಒಂದು ಹೆಜ್ಜೆ ಸುಮಾರು ಎರಡೂವರೆ ಅಡಿ, ಎರಡು ಹೆಜ್ಜೆಗೆ ಒಂದು ಮನೆ. ಆಟದ ಹಿಂದಿನ ದಿನ ಅಂಗಳದಲ್ಲಿ ಹನ್ನೆರಡು ಹೆಜ್ಜೆ ನಡೆದು ತೋರಿಸಿ: ಒಂದು ಸರದಿಯಲ್ಲಿ ಒಬ್ಬ ಯೋಧ ನಡೆಯುವುದು ಅಷ್ಟು ದೂರ. ಒಂದು ಸರದಿಯ ಆರು ಸೆಕೆಂಡಿನಲ್ಲಿ 30 ಅಡಿ ಎಂದರೆ ಗಂಟೆಗೆ ಐದೂವರೆ ಕಿಲೋಮೀಟರ್, ಚುರುಕಾದ ನಡಿಗೆ ಅಷ್ಟೇ. ಪೂರ್ತಿ ಸರದಿಯನ್ನು ಓಟಕ್ಕೆ ಕೊಟ್ಟರೆ ಹನ್ನೊಂದು.

ಫರಸಿಕಲ್ಲು, ಶಹಾಬಾದ್:

ಹೆಜ್ಜೆಯ ವಿಚಾರ ತುಂಬ ಹಿಡಿಸಿತು ಸರ್. ನನ್ನ ಒಂದು ಸೇರ್ಪಡೆ: ಪಾತ್ರದ ಹಾಳೆಯಲ್ಲಿ ಅಡಿಯ ಪಕ್ಕದಲ್ಲಿ ಮನೆಯ ಸಂಖ್ಯೆಯನ್ನು ಮೊದಲೇ ಬರೆದಿಡಿ. ನಡಿಗೆ 6, ಈಟಿಯ ಎಸೆತ 4 ಮತ್ತು 12, ಬಿಲ್ಲು 30 ಮತ್ತು 120. ಕಾಳಗದ ನಡುವೆ ಯಾರೂ ಭಾಗಾಕಾರ ಮಾಡಬಾರದು.

ಸುರಂಗಬಾವಿ, ಬೀದರ್:

ಗುಂಟೆಲೆಕ್ಕ ಅವರ ಸೈಟಿನ ಉದಾಹರಣೆಯಿಂದ 5 ಅಡಿಯ ಮನೆಯ ದೌರ್ಬಲ್ಯವೂ ಬಯಲಾಗುತ್ತದೆ, ಅದನ್ನು ಹೇಳದೆ ಇರಲಾರೆ. ಹತ್ತಕ್ಕೆ ಹತ್ತರ ಕೋಣೆ ಎಂದರೆ ನಾಲ್ಕೇ ಮನೆ. ಅದರಲ್ಲಿ ಒಂದು ಮಂಚ ಹಾಕಿದರೆ ಉಳಿಯುವುದು ಎರಡು. ಅಷ್ಟು ಜಾಗದಲ್ಲಿ ನಿಜಜೀವನದಲ್ಲಿ ಆರು ಜನ ನಿಂತು ಜಗಳವಾಡಬಹುದು, ನಕಾಶೆಯಲ್ಲಿ ಮೂರನೆಯವನಿಗೇ ಜಾಗವಿಲ್ಲ. ಮನೆ ಎಂಬುದು ಒಬ್ಬನ ದೇಹದ ಗಾತ್ರ ಅಲ್ಲ, ಅವನು ಕತ್ತಿ ಬೀಸುತ್ತ ಕಾದುಕೊಳ್ಳುವ ಆವರಣ ಎಂದು ಪುಸ್ತಕವೇ ಹೇಳುತ್ತದೆ, ಆದರೆ ಇಕ್ಕಟ್ಟಿನ ಅನುಭವವನ್ನು ಆ ಮಾತು ತರುವುದಿಲ್ಲ.

ನಮ್ಮ ನೌಬಾದಿನ ಸುರಂಗ ಬಾವಿಯನ್ನೇ ನೋಡಿ. ನೆಲದಡಿಯಲ್ಲಿ ನೀರು ಹರಿಸಲು ಬಹಮನಿ ಕಾಲದಲ್ಲಿ ಕೊರೆದ ಕಾಲುವೆ ಅದು, ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಇಳಿಬಿಟ್ಟ ಗಾಳಿಬಾವಿಗಳಿವೆ. ಸಾಹಸದ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಬ್ಬರ ಹಿಂದೊಬ್ಬರು ಸಾಗುವಷ್ಟು ಇಕ್ಕಟ್ಟಾದ ಇಂತಹ ಸುರಂಗವನ್ನು ಒಂದು ಮನೆ ಅಗಲ ಬಿಡಿಸಿದರೆ ಐದು ಅಡಿಯ ಹಾದಿಯಾಗಿ, ಯಾವ ಅಡ್ಡಿಯೂ ಇಲ್ಲದ ರಾಜಬೀದಿಯಾಗುತ್ತದೆ. ಇಂತಲ್ಲಿ ನಾನು ಮನೆಯ ಅಳತೆಯನ್ನು ಬದಲಿಸುವುದಿಲ್ಲ. ಒಂದು ಮನೆ ಅಗಲವನ್ನೇ ಬಿಡಿಸಿ, ತೂರಿಕೊಂಡು ಹೋಗುವ ನಿಯಮವನ್ನು ಜಾರಿಗೆ ತರುತ್ತೇನೆ. ಪ್ರತಿ ಮನೆಗೂ ಎರಡು ಮನೆಯಷ್ಟು ನಡಿಗೆ ಖರ್ಚು, ಹೊಡೆತಕ್ಕೆ ಪ್ರತಿಕೂಲ ದಾಳ, ಅಂದರೆ ಎರಡು ಬಾರಿ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯುವುದು. ಗಾಳಿಬಾವಿಯ ಕೆಳಗೆ ಬಂದಾಗ ಮಾತ್ರ ಎರಡಕ್ಕೆರಡು ಮನೆಯ ತೆರಪು ಕೊಡುತ್ತೇನೆ, ಆಟಗಾರರು ಅಲ್ಲಿಗೆ ತಲುಪಲು ಹಾತೊರೆಯುತ್ತಾರೆ.

ಎತ್ತರವನ್ನೂ ಮರೆಯಬಾರದು. ಬೀದರ್ ಪಟ್ಟಣದ ನಡುವಿನ ಚೌಬಾರಾ ಗೋಪುರ 71 ಅಡಿ ಎತ್ತರದ್ದು. ಹತ್ತು ಅಡಿ ಬಿದ್ದರೆ ಆರು ಮುಖದ ಒಂದು ದಾಳದಷ್ಟು ಪೆಟ್ಟು ಎಂಬ ನಿಯಮದಂತೆ ಅಷ್ಟು ಎತ್ತರದಿಂದ ಬಿದ್ದವರಿಗೆ ಏಳು ದಾಳ. ಮೀಟರಿನಲ್ಲಿ ಆಡುವವರು ಮೂರು ಮೀಟರಿಗೆ ಒಂದು ದಾಳ ಎಂದಿಟ್ಟುಕೊಳ್ಳಲಿ. ನಕಾಶೆಯ ಮೇಲೆ ಎತ್ತರವನ್ನು ಕೂಡ ಮನೆಗಳಲ್ಲಿಯೇ ಬರೆಯಿರಿ, ಗೋಪುರದ ಪಕ್ಕದಲ್ಲಿ 14 ಎಂದು ಗುರುತು ಹಾಕಿದರೆ ಬಾಣದ ಲೆಕ್ಕಕ್ಕೆ ನೇರವಾಗಿ ಒದಗುತ್ತದೆ: ಉದ್ದದ ಬದಿಗೆ ಗಿಡ್ಡ ಬದಿಯ ಅರ್ಧ ಕೂಡಿಸುವ ಸೂತ್ರ ಎತ್ತರಕ್ಕೂ ನಡೆಯುತ್ತದೆ.

ಭೀಮಾತೀರ, ಯಾದಗಿರಿ:

ಪ್ರಯಾಣದ ನಕಾಶೆಯ ಬಗ್ಗೆ ಇನ್ನೂ ಯಾರೂ ಬರೆದಿಲ್ಲ, ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ.

ಇದೇ ಆಟದ ಎಕ್ಸ್‌ಪರ್ಟ್ ಸೆಟ್ ಎಂಬ 1981ರ ನಿಯಮಗಳ ಕಾಲದಿಂದ ಆರು ಮೈಲಿ ಅಗಲದ ಹೆಕ್ಸ್ ರೂಢಿಯಲ್ಲಿದೆ. ಅದು ಬಾಳಿಕೆ ಬಂದದ್ದಕ್ಕೆ ಒಳ್ಳೆಯ ಕಾರಣಗಳಿವೆ. ಐದನೇ ಆವೃತ್ತಿಯಲ್ಲಿ ಸಾಮಾನ್ಯ ನಡಿಗೆ ಗಂಟೆಗೆ ಮೂರು ಮೈಲಿ, ದಿನಕ್ಕೆ 24 ಮೈಲಿ, ಅಂದರೆ ದಿನಕ್ಕೆ ಸರಿಯಾಗಿ ನಾಲ್ಕು ಹೆಕ್ಸ್. ಸಮತಟ್ಟಾದ ಬಯಲಿನಲ್ಲಿ ನಿಂತ ಮನುಷ್ಯನಿಗೆ ದಿಗಂತ ಕಾಣುವುದು ಸುಮಾರು ಮೂರು ಮೈಲಿಗೆ. ಹೆಕ್ಸ್‌ನ ನಡುವೆ ನಿಂತರೆ ಅದರ ಅಂಚಿನವರೆಗೆ ಕಣ್ಣು ಹೋಗುತ್ತದೆ ಎಂದರ್ಥ. ಅದೇ ಲೆಕ್ಕದಂತೆ ಮೇಡಂ ಹೇಳಿದ 71 ಅಡಿಯ ಗೋಪುರವನ್ನು ಬಯಲಿನಲ್ಲಿ ನಿಲ್ಲಿಸಿದರೆ ಮೇಲಿನ ಕಾವಲುಗಾರನಿಗೆ ಹತ್ತು ಮೈಲಿಯವರೆಗಿನ ನೆಲ ಕಾಣುತ್ತದೆ. ದಂಡು ಬರುವುದು ಅವನಿಗೆ ಮೂರು ಗಂಟೆ ಮೊದಲೇ ತಿಳಿಯುತ್ತದೆ, ಕಥೆಗೆ ಇಂತಹ ಮಾಹಿತಿ ಬಹಳ ಬೆಲೆಯುಳ್ಳದ್ದು.

ಈಗ ನಮ್ಮ ಹಳೆಯ ಅಳತೆಗಳನ್ನು ಪಕ್ಕಕ್ಕಿಟ್ಟು ನೋಡಿ. ಹರದಾರಿ ಎಂದರೆ ಸುಮಾರು ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ. ಸೀಮೆಯಿಂದ ಸೀಮೆಗೆ ಈ ಅಳತೆ ಹೆಚ್ಚುಕಡಿಮೆಯಾಗುತ್ತಿತ್ತು, ಆದರೆ ಆಟಕ್ಕೆ ಈ ಸಂಖ್ಯೆಗಳನ್ನು ಸ್ಥಿರವಾಗಿಟ್ಟುಕೊಂಡರೆ ಎಲ್ಲವೂ ತಾನಾಗಿಯೇ ಕೂಡಿಕೊಳ್ಳುತ್ತದೆ: ಒಂದು ಗಂಟೆಯ ನಡಿಗೆ ಒಂದು ಹರದಾರಿ, ಒಂದು ಹೆಕ್ಸ್ ಎರಡು ಹರದಾರಿ, ಒಂದು ದಿನದ ಪ್ರಯಾಣ ಎರಡು ಗಾವುದ. ಗುಂಟೆಲೆಕ್ಕ ಅವರು ಹಳೆಯ ಅಳತೆ ಬೇಡವೆಂದದ್ದು ಕಾಳಗದ ನಕಾಶೆಗೆ ಸರಿ, ಪ್ರಯಾಣದ ನಕಾಶೆಗೆ ಅದೇ ಸಲೀಸು. ಊರ ಹಿರಿಯನೊಬ್ಬನ ಪಾತ್ರ ಮಾಡುತ್ತ ಆ ಗುಡಿ ಇಲ್ಲಿಂದ ಮೂರು ಹರದಾರಿ ಎಂದು ನೀವು ಹೇಳಿದರೆ, ಮೂರು ಗಂಟೆಯ ದಾರಿ ಎಂಬುದು ಆಟಗಾರರಿಗೆ ಗುಣಾಕಾರವಿಲ್ಲದೆ ತಿಳಿಯುತ್ತದೆ. ಕಿಲೋಮೀಟರ್ ಬೇಕೆಂದರೆ ಹೆಕ್ಸ್‌ಗೆ ಹತ್ತು ಎಂದು ಬರೆಯಿರಿ, ಆರು ಮೈಲಿ ಎಂದರೆ 9.7 ಕಿಲೋಮೀಟರ್.

ಪರೀಕ್ಷೆಗಾಗಿ ನಮ್ಮ ಊರುಗಳನ್ನೇ ಇಟ್ಟು ನೋಡಬಹುದು. ಕಲಬುರಗಿಯಿಂದ ಬೀದರಿಗೆ ರೈಲು ದಾರಿ 110 ಕಿಲೋಮೀಟರ್, ಹನ್ನೊಂದು ಹೆಕ್ಸ್, ಕಾಲ್ನಡಿಗೆಯಲ್ಲಿ ಮೂರು ದಿನಕ್ಕೆ ತುಸು ಕಡಿಮೆ. ಕಲಬುರಗಿಯಿಂದ ಯಾದಗಿರಿಗೆ ಎಂಟು ಹೆಕ್ಸ್, ಎರಡು ದಿನ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಕೊಂಡೊಯ್ದ ಬಹಮನಿ ಸುಲ್ತಾನ ಅಹ್ಮದ್ ಷಾನ ಪರಿವಾರ ಸಾಗಿದ ದೂರವೂ ಇದೇ ಎಂದು ಆಟಗಾರರಿಗೆ ಹೇಳಿದರೆ ನಕಾಶೆಗೆ ಜೀವ ಬರುತ್ತದೆ.

ನೆಲದ ಬಗೆಯನ್ನು ಬಣ್ಣದಿಂದ ಗುರುತಿಸಿ. ಯಾದಗಿರಿ, ಕಲಬುರಗಿ ಕಡೆಯ ಎರೆನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟರೂ ನಡೆಯಲು ಅಡ್ಡಿಯಿಲ್ಲ. ಮಳೆ ಬಿದ್ದ ಮೇಲೆ ಅದೇ ಎರೆ ಕಾಲಿಗೆ ಮೆತ್ತಿಕೊಂಡು, ಬಂಡಿಯ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಎರೆಯ ಹೆಕ್ಸ್‌ಗೆ ಎರಡು ಪಟ್ಟು ಖರ್ಚು ಹಾಕಿ, ಆಗ ದಿನಕ್ಕೆ ಒಂದೇ ಗಾವುದ. ಬೀದರ್ ಕಡೆಯ ಕೆಂಪು ಮಡ್ಡಿ ನೀರನ್ನು ಬೇಗ ಇಂಗಿಸಿಕೊಳ್ಳುವುದರಿಂದ ಅಲ್ಲಿ ಮಾಮೂಲು ನಡಿಗೆ. ಭೀಮೆ, ಕೃಷ್ಣೆಯಂತಹ ಹೊಳೆಗಳನ್ನು ಹೆಕ್ಸ್‌ನ ಹೊಟ್ಟೆಯಲ್ಲಿ ಬಿಡಿಸದೆ ಅಂಚುಗಳ ಗುಂಟ ಬಿಡಿಸಿ. ಹೊಳೆ ದಾಟಿದರೋ ಇಲ್ಲವೋ ಎಂಬ ಸಂಶಯಕ್ಕೆ ಆಗ ಆಸ್ಪದವೇ ಇರುವುದಿಲ್ಲ.

ತೊಗರಿಕಣಜ, ಕಲಬುರಗಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟನ್ನು ನಿರ್ಧರಿಸಿದ್ದೇನೆ: ಕಾಳಗದ ನಕಾಶೆಯಲ್ಲಿ ಎಣಿಸುವುದು ಮನೆಗಳನ್ನೇ, ಇಂಚಿನ ಚೌಕ, ಎರಡು ಹೆಜ್ಜೆಗೆ ಒಂದು ಮನೆ, ವರ್ಣನೆಯಲ್ಲಿ ಮಾತ್ರ ಅಡಿ. ಅಡ್ಡ ಹೆಜ್ಜೆಗೆ ಮೇಡಂ ಹೇಳಿದ ಒಂದು, ಮೂರು, ನಾಲ್ಕು, ಆರರ ಎಣಿಕೆ. ಪ್ರಯಾಣಕ್ಕೆ ಎರಡು ಹರದಾರಿಯ ಹೆಕ್ಸ್.

ಒಂದು ಕೊನೆಯ ಪ್ರಶ್ನೆ ಉಳಿದಿದೆ. ಕ್ಯಾಂಪೇನಿನ ಮೊದಲ ದೊಡ್ಡ ಕಾಳಗವನ್ನು ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯ ಮಾದರಿಯ ಸಭಾಭವನದಲ್ಲಿ ಇಡಬೇಕೆಂದಿದೆ. 1367ರಲ್ಲಿ ಕಟ್ಟಿದ ಆ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಮಾಡಿನ ಹೊದಿಕೆಯಿದೆ, ಒಳಗೆ ಕಮಾನುಗಳ ಸಾಲಿನ ಹಿಂದೆ ಕಮಾನುಗಳ ಸಾಲು. ಉದ್ದ 216 ಅಡಿ, ಅಗಲ 176 ಅಡಿ. ನಮ್ಮ ಕಟ್ಟಡ ಕಾಲ್ಪನಿಕವೇ ಆದರೂ ಅದೇ ಅಳತೆಯನ್ನು ಇಟ್ಟುಕೊಳ್ಳುವ ಆಸೆ. ಇಷ್ಟು ದೊಡ್ಡ ಒಳಾಂಗಣಕ್ಕೆ ಮನೆಯನ್ನು 10 ಅಡಿಗೆ ಹಿಗ್ಗಿಸಬೇಕೇ?

ಸುರಂಗಬಾವಿ, ಬೀದರ್:

ಹಿಗ್ಗಿಸಬೇಡಿ. ಹತ್ತು ಅಡಿಯ ಮನೆಯಾದರೆ ಒಂದೇ ಮನೆಯೊಳಗೆ ಇಬ್ಬರು ಶತ್ರುಗಳು ನಿಲ್ಲುತ್ತಾರೆ, ಕಂಬದ ಮರೆ ಯಾರಿಗೆ ಸಿಕ್ಕಿತು ಎಂದು ಹೇಳಲಾಗುವುದಿಲ್ಲ. ಕಮಾನುಗಳ ಕಾಡಿನಂತಿರುವ ಆ ಒಳಾಂಗಣದಲ್ಲಿ ಮರೆಯೇ ಮುಖ್ಯ; ಬಿಲ್ಲಿನ 30 ಮನೆಯ ದೂರ ಅಲ್ಲಿ ಪೂರ್ತಿ ಬಳಕೆಗೆ ಬರುವುದೂ ಕಂಬದ ಸಾಲುಗಳ ನಡುವಿನ ನೇರ ಹಾದಿಯಲ್ಲಿ ಮಾತ್ರ.

ಫರಸಿಕಲ್ಲು, ಶಹಾಬಾದ್:

ಮೇಡಂ ಹೇಳಿದಂತೆಯೇ ಮಾಡಿ, ಜಾಗ ಸಾಕಾಗುತ್ತದೆ. 216 ಅಡಿ ಎಂದರೆ 43 ಮನೆ, 176 ಅಡಿ ಎಂದರೆ 35 ಮನೆ. ಎರಡು ಅಡಿಯ ನಾಲ್ಕು ಫರಸಿಗಳನ್ನು ಕೂಡಿಸಿದರೆ 48ಕ್ಕೆ 48 ಮನೆ ಸಿಗುತ್ತವೆ, ಇಡೀ ಭವನ ಅದರೊಳಗೆ ಹಿಡಿಸಿ ಉದ್ದದಲ್ಲಿ ಐದು, ಅಗಲದಲ್ಲಿ ಹದಿಮೂರು ಮನೆ ಉಳಿಯುತ್ತವೆ. ಉಳಿದ ಪಟ್ಟಿಯನ್ನು ಹೊರಗಿನ ಕಟ್ಟೆಗೂ ಬಾಗಿಲಿನ ಮುಂದಿನ ಬಯಲಿಗೂ ಬಳಸಿ, ಪಾರಾಗಿ ಓಡುವವರಿಗೆ ದಾರಿ ಬೇಕಾಗುತ್ತದೆ. ಕಂಬಗಳಿಗೆ ಕೇರಂ ಕಾಯಿ ಇಡಬೇಡಿ, ಅವು ಇಂಚಿಗಿಂತ ಅಗಲವಾಗಿವೆ. ಒಂದು ಇಂಚಿಗೆ ಕೊಯ್ದ ಫರಸಿಯ ಚೂರುಗಳನ್ನು ನಮ್ಮಲ್ಲಿಯ ಪಾಲಿಷ್ ಕಾರ್ಖಾನೆಗಳ ಹಿಂದೆ ಬಿದ್ದ ರಾಶಿಯಿಂದ ಆರಿಸಿ ಕಳುಹಿಸಿಕೊಡುತ್ತೇನೆ. ಎಷ್ಟು ಕಂಬ ಬೇಕೆಂದು ತಿಳಿಸಿ ಸಾಕು.

ತೊಗರಿಕಣಜ, ಕಲಬುರಗಿ:

ನಕಾಶೆ ಬಿಡಿಸಿದೊಡನೆ ಕಂಬಗಳನ್ನು ಎಣಿಸಿ ಬರೆಯುತ್ತೇನೆ ಸರ್. ಹತ್ತು ಚೂರು ಹೆಚ್ಚಿಗೆ ಇರಲಿ, ಆಟದ ನಡುವೆ ಕಂಬ ಉರುಳಿಸುವವರು ನಮ್ಮಲ್ಲಿದ್ದಾರೆ, ಉರುಳಿದ ಕಂಬಕ್ಕೆ ಎರಡು ಮನೆ ಬೇಕಾಗುತ್ತದೆ.